ಒಂದು ಕರಿ ಒಳಗೆ, ಒಂದು ಕರಿ ಹೊರಗೆ



ಈ ಹೊತ್ತಿನ ನಮ್ಮ ಮಾತು ಅಡುಗೆಯ ಕುರಿತು. ಆದರೆ ಅಡುಗೆಮನೆಯ ಅಡುಗೆಯಲ್ಲ, ಹಿತ್ತಿಲಿನ ಅಡುಗೆ. ಚಳಿಯ ದಿನಗಳಲ್ಲಿ ಮಾಂಸಕ್ಕೆ ಹೊಗೆ ಕೊಟ್ಟು ಬೇಯಿಸುವುದು ಹೇಗೆ, ಬೇಯಿಸುವಾಗ ಎಚ್ಚರ ಇಡಬೇಕಾದದ್ದು ಎಲ್ಲಿ, ಎಂಬುದೇ ವಿಷಯ. ಉದಕಮಂಡಲ, ಕೋತಗಿರಿ, ಗೂಡಲೂರು, ವಯನಾಡು, ತಾಳವಾಡಿ ಕಡೆಯ ಬೆಟ್ಟದ ಕೇಳುಗರನ್ನು ಮುಂದೆ ಕೂರಿಸಿಕೊಂಡು ಮಾತನಾಡುತ್ತಿದ್ದೇನೆ. ಬಯಲುಸೀಮೆಯ ಕೇಳುಗರಿಗೂ ಇದರಲ್ಲಿ ಪಾಲುಂಟು. ಮಾಂಸ ತಿನ್ನದ ಮನೆಯವರು ದಯವಿಟ್ಟು ರೇಡಿಯೋ ಆರಿಸಬೇಡಿ. ಮಾತಿನ ಕಡೆಯ ಭಾಗ ಚಳಿಗೆ ಕೆಂಡ ಕಾಯಿಸಿಕೊಳ್ಳುವ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು.

ಎರಡು ಭಾಷೆಯ ನಡುವೆ ಬದುಕುವ ನಮಗೆ ಒಂದು ಶಬ್ದದ ವಿನೋದ ಚೆನ್ನಾಗಿ ಗೊತ್ತು. ತಮಿಳಿನಲ್ಲಿ ಇದ್ದಿಲೂ ಕರಿ, ಮಾಂಸವೂ ಕರಿ. ಒಂದರಲ್ಲಿ ಹಗುರ ರಕಾರ, ಇನ್ನೊಂದರಲ್ಲಿ ಒತ್ತಿ ಹೇಳುವ ರಕಾರ. ನಮ್ಮ ಕನ್ನಡದ ಕಿವಿಗೆ ಎರಡೂ ಒಂದೇ. ಸಂತೆಯಲ್ಲಿ ಹೋಗಿ ಬರೀ "ಕರಿ ಕೊಡಿ" ಎಂದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಈ ಎರಡು ಕರಿಗಳನ್ನು ನೆನಪಿಟ್ಟುಕೊಳ್ಳಿ. ನಾನು ಈ ಹೊತ್ತು ಹೇಳಬೇಕೆಂದಿರುವುದೆಲ್ಲ ಅವುಗಳಲ್ಲೇ ಅಡಗಿದೆ. ಚಳಿ ಹೆಚ್ಚಾದಾಗ ಒಂದು ಕರಿ ಮನೆಯೊಳಗೆ ಬರಬಹುದು. ಇನ್ನೊಂದು ಕರಿ ಎಂದಿಗೂ ಬರಬಾರದು.

ಮಾಂಸಕ್ಕೆ ಹೊಗೆ ಕೊಡುವುದು ನಮಗೆ ಹೊಸದೇನಲ್ಲ. ನಮ್ಮ ಕೊರಬಾಡು ನಿಮಗೆಲ್ಲ ಗೊತ್ತು. ಅದನ್ನೇ ತಮಿಳಿನವರು ಉಪ್ಪುಕಂಡಂ ಎನ್ನುತ್ತಾರೆ, ಮಲಯಾಳದವರು ಉಣಕ್ಕಿರಚ್ಚಿ ಎನ್ನುತ್ತಾರೆ, ಮರಾಠವಾಡದ ಕಡೆ ಚಾನ್ಯಾ ಎನ್ನುತ್ತಾರೆ. ಹೆಸರು ನಾಲ್ಕಾದರೂ ಕೆಲಸ ಒಂದೇ. ಮಾಂಸವನ್ನು ತೆಳ್ಳಗೆ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಒಣಗಿಸುವುದು. ಬಯಲುಸೀಮೆಯಲ್ಲಿ ಬಿಸಿಲು ಆ ಕೆಲಸ ಮಾಡುತ್ತದೆ. ಮಳೆ ಮಂಜಿನ ಸೀಮೆಯಲ್ಲಿ ಬಿಸಿಲನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ಕೊಡಗು, ವಯನಾಡಿನಂಥ ಕಡೆ ಒಲೆಯ ಮೇಲೆ ತೂಗುಹಾಕಿ ಒಣಗಿಸುವ ಪದ್ಧತಿ ಬೆಳೆಯಿತು. ಹಗಲೂ ರಾತ್ರಿ ಒಲೆಯ ಬಿಸಿಗಾಳಿ, ತೆಳುವಾದ ಹೊಗೆ ತಾಗಿ ತಾಗಿ ಮಾಂಸ ಒಣಗುತ್ತಿತ್ತು. ನಾವು ಹೊಗೆ ಎನ್ನುವುದನ್ನು ತಮಿಳರು ಪುಗೈ ಎಂದರು, ಮಲಯಾಳಿಗಳು ಪುಗ ಎಂದರು, ತೆಲುಗರು ಪೊಗ ಎಂದರು. ಹೊಗೆಗೆ ಗಡಿ ಎಲ್ಲಿದೆ?

ಆ ಹಳೆಯ ಪದ್ಧತಿಯಲ್ಲಿ ಒಂದು ಗುಟ್ಟಿತ್ತು. ಹೊಗೆ ಒಂಟಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಜೊತೆಗೆ ಉಪ್ಪು ಇತ್ತು, ತೆಳ್ಳಗಿನ ಸೀಳು ಇತ್ತು, ಒಣಗುವಿಕೆ ಇತ್ತು. ಕೊನೆಯಲ್ಲಿ ಬೇಯಿಸುವುದೂ ಇತ್ತು. ಸರದಿಂದ ಕಿತ್ತ ಮಾಂಸವನ್ನು ಹಾಗೆಯೇ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೆಂಡದಲ್ಲಿ ಸುಟ್ಟೋ, ಜಜ್ಜಿ ನೀರಿನಲ್ಲಿ ಕುದಿಸಿಯೋ ಸಾರು ಮಾಡುತ್ತಿದ್ದರು. ಹೊಗೆ ಕೊಡುತ್ತಿದ್ದುದು ಮುಖ್ಯವಾಗಿ ಬಣ್ಣ, ಘಮ, ನೊಣ ಹತ್ತಿರ ಸುಳಿಯದಂಥ ಸ್ವಲ್ಪ ರಕ್ಷಣೆ. ಜೀವ ಕಾಯುತ್ತಿದ್ದುದು ಉಪ್ಪು, ಒಣಗು ಮತ್ತು ಬೆಂಕಿಯ ಬಿಸಿ. ಇದನ್ನು ಮರೆತರೆ ಮುಂದಿನದೆಲ್ಲ ತಪ್ಪುತ್ತದೆ.

ಈಗ ಹೊಸ ಸಾಧನಕ್ಕೆ ಬರೋಣ. ಅಮೆರಿಕದ ಹಿತ್ತಿಲುಗಳಲ್ಲಿ ಹಳೆಯ ಎಣ್ಣೆ ಡ್ರಮ್ಮಿನಿಂದ ಮಾಡಿಕೊಂಡ ಹೊಗೆ ಒಲೆಗಳು ಬಹಳ ಕಾಲದಿಂದ ಇವೆ. ಸ್ಮೋಕರ್ ಎಂದು ಅದರ ಹೆಸರು. ಈಗ ಅಂಥವು ನಮ್ಮ ಕಡೆಗೂ ಬಂದಿವೆ. ತಯಾರಾದದ್ದನ್ನು ಕೊಳ್ಳುವವರಿದ್ದಾರೆ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವವರಿದ್ದಾರೆ. ನಾವು ಇದನ್ನು ಹೊಗೆ ಡ್ರಮ್ಮು ಎಂದೇ ಕರೆಯೋಣ.

ಇದರ ರಚನೆ ಸರಳ. 200 ಲೀಟರಿನ ಕಬ್ಬಿಣದ ಡ್ರಮ್ಮು. ಅಡಿಭಾಗದಲ್ಲಿ ಗಾಳಿ ಹೋಗಲು ಮೂರೋ ನಾಲ್ಕೋ ತೂತು, ಅವನ್ನು ಬೇಕಾದಷ್ಟು ಮುಚ್ಚಿ ತೆರೆಯಲು ತಗಡಿನ ಮುಚ್ಚಳ. ಒಳಗೆ ತಳದಲ್ಲಿ ಇದ್ದಿಲಿನ ಬುಟ್ಟಿ. ಅದರಿಂದ ಸುಮಾರು ಎರಡು ಅಡಿ ಮೇಲೆ ಮಾಂಸ ಇಡುವ ಕಂಬಿಯ ಜಾಲರಿ. ಮೇಲೆ ಮುಚ್ಚಳ, ಮುಚ್ಚಳದಲ್ಲಿ ಹೊಗೆ ಹೋಗುವ ಕಿಂಡಿ. ಕೆಳಗಿನ ತೂತುಗಳಿಂದ ಗಾಳಿ ಒಳಬರುತ್ತದೆ, ಕೆಂಡಕ್ಕೆ ತಾಗಿ ಬಿಸಿಯಾಗಿ ಮೇಲೇರುತ್ತದೆ, ಮಾಂಸವನ್ನು ಸವರಿಕೊಂಡು ಕಿಂಡಿಯಿಂದ ಹೊರಹೋಗುತ್ತದೆ. ಕೆಳಗಿನ ತೂತು ಹೆಚ್ಚು ತೆರೆದರೆ ಬಿಸಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಬೇಯಿಸುವಷ್ಟು ಹೊತ್ತೂ ಮೇಲಿನ ಕಿಂಡಿ ತೆರೆದೇ ಇರಬೇಕು. ಅದನ್ನು ಮುಚ್ಚಿದರೆ ಹೊಗೆ ಒಳಗೇ ಕೊಳೆತು ಮಾಂಸ ಕಹಿಯಾಗುತ್ತದೆ.

ಡ್ರಮ್ಮು ಆರಿಸುವಾಗ ಎರಡು ಎಚ್ಚರಿಕೆ. ಕೀಟನಾಶಕ ಅಥವಾ ಯಾವುದೇ ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡವೇ ಬೇಡ. ಎಷ್ಟು ತೊಳೆದರೂ ಬೇಡ. ಅಡುಗೆ ಎಣ್ಣೆಯ ಡ್ರಮ್ಮಾದರೂ ಸರಿ, ಮೊದಲು ಎರಡು ಕಡೆಯ ಮುಚ್ಚಳ ಬಿಚ್ಚಿ, ಬರೀ ಸೌದೆ ಹಾಕಿ ಜೋರಾಗಿ ಉರಿಸಿ, ಒಳಗಿನ ಬಣ್ಣ ಲೇಪನವೆಲ್ಲ ಸುಟ್ಟುಹೋದ ಮೇಲೆ ಉಜ್ಜಿ ತೊಳೆಯಬೇಕು. ಎರಡನೆಯದು, ಸತುವಿನ ಲೇಪನದ ತಗಡು, ಜಾಲರಿ ಒಳಗೆ ಹಾಕಬೇಡಿ. ಅದು ಕೆಂಪಗೆ ಕಾದರೆ ಬರುವ ಹೊಗೆ ಒಳ್ಳೆಯದಲ್ಲ. ಸ್ಟೀಲಿನ ಜಾಲರಿ ಉತ್ತಮ.

ಇನ್ನು ಸೌದೆ. ಅಡಿಗೆ ಇದ್ದಿಲು, ಅದರ ಮೇಲೆ ಹೊಗೆಗಾಗಿ ಒಂದೆರಡು ತುಂಡು ಮರ. ಸೀಬೆ, ಮಾವು, ನೇರಳೆ, ಕಾಫಿ ಗಿಡದ ಕಸಿ ಕಡಿದ ಕೊಂಬೆ, ತೆಂಗಿನ ಚಿಪ್ಪು, ಇವು ಚೆನ್ನ. ಬೆಟ್ಟದಲ್ಲಿ ಎಲ್ಲೆಲ್ಲೂ ಸಿಗುವ ನೀಲಗಿರಿ ಮರದ ಹೊಗೆ ಔಷಧದ ವಾಸನೆ ಹಿಡಿಸುತ್ತದೆ. ಪೈನ್ ಮರದ ಅಂಟು ಕರ್‍ರನೆಯ ಮಸಿ ಕಟ್ಟುತ್ತದೆ. ಕಣಗಿಲೆ ವಿಷದ ಗಿಡ, ಅದರ ಕಡ್ಡಿಯೂ ಹತ್ತಿರ ಬರಬಾರದು. ಕಾಸರಗೋಡಿನ ಕೇಳುಗರಿಗೆ ಒಂದು ಮಾತು: ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆಂದು ಇದಕ್ಕೆ ಹಾಕಬೇಡಿ, ಅದರ ಎಣ್ಣೆಯ ಹೊಗೆ ಕಣ್ಣು ಗಂಟಲು ಸುಡುತ್ತದೆ. ಹಳೆಯ ಬಾಗಿಲು, ಪ್ಲೈವುಡ್, ಬಣ್ಣ ಬಳಿದ ಹಲಗೆ ಇವುಗಳೂ ಬೇಡ.

ಈಗ ಚಳಿಯ ವಿಷಯ. ಬೇಸಿಗೆಯಲ್ಲಿ ಸರಿಯಾಗಿ ಬೇಯುತ್ತಿದ್ದ ಡ್ರಮ್ಮು ಚಳಿಗಾಲದಲ್ಲಿ ಯಾಕೆ ಕೈಕೊಡುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಡ್ರಮ್ಮಿನ ಒಳಗೆ ನಮಗೆ ಬೇಕಾದದ್ದು 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಹೊರಗೆ 30 ಡಿಗ್ರಿ ಇದ್ದರೆ ಒಳಗೂ ಹೊರಗೂ 80 ಡಿಗ್ರಿಯ ಅಂತರ. ಹೊರಗೆ 6 ಡಿಗ್ರಿ ಇದ್ದರೆ ಅಂತರ 104. ಅಂತರ ಹೆಚ್ಚಿದಷ್ಟೂ ತಗಡಿನ ಮೂಲಕ ಸೋರಿಹೋಗುವ ಬಿಸಿಯೂ ಹೆಚ್ಚು. ಅಂದರೆ ಸೋರಿಕೆ ಸುಮಾರು ಮೂರನೆಯ ಒಂದು ಪಾಲು ಏರಿತು. ಬೇಸಿಗೆಯಲ್ಲಿ ಮೂರು ಕಿಲೋ ಇದ್ದಿಲು ಸಾಕಾಗುತ್ತಿದ್ದ ಕಡೆ ಈಗ ನಾಲ್ಕು ಕಿಲೋ ಇಟ್ಟುಕೊಳ್ಳಿ. ಇದು ಗಾಳಿ ಇಲ್ಲದ ದಿನದ ಲೆಕ್ಕ. ಗಾಳಿ ಬೀಸಿದರೆ ಈ ಲೆಕ್ಕವೂ ತಪ್ಪುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುವಂತೆ ಗಾಳಿ ಡ್ರಮ್ಮನ್ನು ಆರಿಸುತ್ತದೆ. ಚಳಿಗಿಂತ ಗಾಳಿಯೇ ದೊಡ್ಡ ಶತ್ರು.

ಆದ್ದರಿಂದ ಮೊದಲ ಕೆಲಸ ಗಾಳಿಮರೆ. ಮನೆಯಿಂದ ಹತ್ತು ಹದಿನೈದು ಅಡಿ ದೂರದಲ್ಲಿ, ಗಾಳಿ ಬರುವ ದಿಕ್ಕಿಗೆ ಕಲ್ಲಿನದೋ ಇಟ್ಟಿಗೆಯದೋ ಗೋಡೆ ಅಡ್ಡವಾಗಿರುವ ಜಾಗ ನೋಡಿ. ಸೂರಿನ ಕೆಳಗೆ ಬೇಡ, ದನದ ಕೊಟ್ಟಿಗೆಯಲ್ಲಿ ಬೇಡ, ಕಾರು ನಿಲ್ಲಿಸುವ ಶೆಡ್ಡಿನಲ್ಲಂತೂ ಬೇಡ. ಡ್ರಮ್ಮನ್ನು ತೇವದ ನೆಲದ ಮೇಲೆ ಇಡದೆ ನಾಲ್ಕು ಇಟ್ಟಿಗೆಯ ಮೇಲೆ ನಿಲ್ಲಿಸಿ. ಹೊರಮೈಗೆ ಕೆಮ್ಮಣ್ಣು ಮತ್ತು ಭತ್ತದ ಹೊಟ್ಟು ಕಲಸಿ ಎರಡು ಬೆರಳು ದಪ್ಪ ಮೆತ್ತಿಬಿಟ್ಟರೆ ಅದೇ ಡ್ರಮ್ಮಿನ ಕಂಬಳಿ. ನಿಜವಾದ ಕಂಬಳಿ, ಗೋಣಿ, ಪ್ಲಾಸ್ಟಿಕ್ ಟಾರ್ಪಾಲು ಹೊದಿಸಲು ಹೋಗಬೇಡಿ, ಬೆಂಕಿ ಹತ್ತುತ್ತದೆ.

ಎರಡನೆಯದು, ಒಣ ಸೌದೆ. ಮಂಜಿನ ದಿನಗಳಲ್ಲಿ ಸೌದೆಯೂ ಇದ್ದಿಲೂ ಕಾಣದಂತೆ ತೇವ ಕುಡಿಯುತ್ತವೆ. ತೇವದ ಕಟ್ಟಿಗೆಯಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಹೊಗೆ ಜೋರಾಗಿದೆ, ಘಮ ಚೆನ್ನಾಗಿ ಹತ್ತುತ್ತದೆ ಎಂದು ನಾವು ಸಂತೋಷಪಡುತ್ತೇವೆ. ಆಗುವುದು ಅದಕ್ಕೆ ತಿರುಗುಮುರುಗು. ಬೆಂಕಿಯ ಬಿಸಿಯೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆದು ಡ್ರಮ್ಮು ತಣ್ಣಗಾಗುತ್ತದೆ, ಮಾಂಸದ ಮೇಲೆ ಮಸಿಯ ಕಹಿ ಕೂರುತ್ತದೆ. ಒಳ್ಳೆಯ ಹೊಗೆ ತೆಳ್ಳಗೆ, ಕೊಂಚ ನೀಲಿಯಾಗಿ, ಕಂಡೂ ಕಾಣದಂತಿರುತ್ತದೆ. ಬೇಕಾದ ಸೌದೆಯನ್ನು ಹಿಂದಿನ ದಿನವೇ ಅಡುಗೆ ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ.

ಮೂರನೆಯದು, ಸಮಯ. ತಣ್ಣನೆಯ ಡ್ರಮ್ಮಿಗೆ ಮಾಂಸ ಇಡಬೇಡಿ. ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ ಕೆಂಡ ಮಾಡಿ ಡ್ರಮ್ಮು ಮೈಯೆಲ್ಲ ಕಾಯಲಿ. ಮುಚ್ಚಳದ ಥರ್ಮಾಮೀಟರ್ 110ರಲ್ಲಿ ನೆಟ್ಟಗೆ ನಿಂತ ಮೇಲೆ ಮಾಂಸ ಇಡಿ. ತುಂಡುಗಳು ಒಂದು ಕಿಲೋ ಮೀರದಿರಲಿ. ಒಮ್ಮೆ ಇಟ್ಟ ಮೇಲೆ ಮುಚ್ಚಳ ಎತ್ತಿ ಎತ್ತಿ ನೋಡಬೇಡಿ. ಚಳಿಯಲ್ಲಿ ಒಂದು ಸಲ ಮುಚ್ಚಳ ತೆರೆದರೆ ಹೋದ ಬಿಸಿ ತಿರುಗಿ ಬರಲು ಹತ್ತು ಹದಿನೈದು ನಿಮಿಷ ಬೇಕು. ನಾಲ್ಕು ಸಲ ಇಣುಕಿದರೆ ಒಂದು ಗಂಟೆ ಹೋಯಿತು. ಹೊಸ ಸೊಸೆಯ ಅಡುಗೆಯನ್ನು ಇಣುಕಿದ ಹಾಗೆ ಇಣುಕುತ್ತಿದ್ದರೆ ಅಡುಗೆ ಕೆಡುವುದೇ ಸರಿ.

ಇನ್ನೊಂದು ವಿಚಿತ್ರ ನೀವು ಗಮನಿಸಬಹುದು. ದೊಡ್ಡ ತುಂಡಾದರೆ ಅದರ ಒಳಗಿನ ಬಿಸಿ ಏರುತ್ತಾ ಏರುತ್ತಾ 65, 70 ಡಿಗ್ರಿಗೆ ಬಂದು ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ, ಜಗ್ಗುವುದೇ ಇಲ್ಲ. ಬೆಂಕಿ ಸತ್ತಿತೇ ಎಂದು ಗಾಬರಿ ಬೇಡ. ಮಣ್ಣಿನ ಹೂಜಿ ಹೊರಮೈಯಲ್ಲಿ ಬೆವತು ನೀರನ್ನು ತಂಪಾಗಿಡುವುದಿಲ್ಲವೇ, ಹಾಗೆಯೇ ಮಾಂಸವೂ ಬೆವತು ತನ್ನನ್ನು ತಾನೇ ತಣಿಸಿಕೊಳ್ಳುತ್ತಿರುತ್ತದೆ. ಆಗ ಅದನ್ನು ಅಲ್ಯೂಮಿನಿಯಂ ಹಾಳೆಯಲ್ಲೋ, ಬಾಡಿಸಿದ ಬಾಳೆಯೆಲೆಯ ಎರಡು ಪದರದಲ್ಲೋ ಬಿಗಿಯಾಗಿ ಸುತ್ತಿ ತಿರುಗಿ ಇಡಿ. ಬೆವರು ನಿಲ್ಲುತ್ತದೆ, ಬಿಸಿ ಏರುತ್ತದೆ.

ಬೆಂದಿದೆಯೆಂದು ತಿಳಿಯುವುದು ಹೇಗೆ? ಕೇಳುಗರೇ, ಇಲ್ಲಿ ಕಣ್ಣನ್ನು ನಂಬಬೇಡಿ. ಹೊಗೆ ತಾಗಿದ ಮಾಂಸದ ಹೊರಮೈ ಒಂದೇ ಗಂಟೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಬಾಯಲ್ಲಿ ನೀರೂರಿಸುತ್ತದೆ. ಒಳಗೆ ಇನ್ನೂ ಹಸಿ ಇರುತ್ತದೆ. ಅದೇ ರೀತಿ, ಪೂರ್ತಿ ಬೆಂದ ಮಾಂಸವನ್ನು ಕತ್ತರಿಸಿದರೂ ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತದೆ. ಅದು ರಕ್ತವಲ್ಲ. ಹೊಗೆಯಲ್ಲಿರುವ ಅನಿಲಗಳು ಮಾಂಸದ ಕೆಂಪು ಬಣ್ಣವನ್ನು ಹಿಡಿದು ನಿಲ್ಲಿಸಿದ ಗುರುತು. ಆ ಅನಿಲಗಳಲ್ಲಿ ಒಂದರ ಹೆಸರು ಕಾರ್ಬನ್ ಮಾನಾಕ್ಸೈಡ್. ಈ ಹೆಸರನ್ನು ಮನಸ್ಸಿನಲ್ಲಿಡಿ, ಇದರ ಬಳಿಗೆ ಮತ್ತೆ ಬರುತ್ತೇನೆ.

ಕಣ್ಣು ಹೇಳಲಾರದ್ದನ್ನು ಥರ್ಮಾಮೀಟರ್ ಹೇಳುತ್ತದೆ. ಮಾಂಸಕ್ಕೆ ಚುಚ್ಚುವ ಸೂಜಿಯ ಥರ್ಮಾಮೀಟರ್ ಒಂದು ಕೊಂಡಿಟ್ಟುಕೊಳ್ಳಿ. ಅತಿ ದಪ್ಪ ಭಾಗದ ನಡುವಿಗೆ, ಎಲುಬು ತಾಗದಂತೆ ಚುಚ್ಚಿ. ಕೋಳಿಯಾದರೆ 74 ಡಿಗ್ರಿ. ಕೊಚ್ಚಿದ ಮಾಂಸವಾದರೆ 71. ಇಡೀ ತುಂಡಿಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಇದ್ದರೆ ಸಾಕೆಂದು ಅಮೆರಿಕದ ಸರ್ಕಾರಿ ಸೂಚನೆ ಇದೆ. ನಮ್ಮ ಊರಿನ ಹಂದಿ ಮಾಂಸಕ್ಕೆ 71 ದಾಟಿಸಿ ಎಂಬುದು ನನ್ನ ಸಲಹೆ. ಕೊಳಕು ತಿಂದು ಬೆಳೆದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಕೋಶಗಳಿರಬಹುದು. ಅರೆಬೆಂದ ಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವರ ಮಲದ ಮೂಲಕ ಅದರ ಮೊಟ್ಟೆಗಳು ನೀರು, ಸೊಪ್ಪು, ಕೈಗೆ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋದರೆ ಮಿದುಳಿನಲ್ಲಿ ಕೋಶ ಕಟ್ಟಿ ಫಿಟ್ಸ್ ತರಿಸಬಲ್ಲವು. ಹೀಗೆ ಒಂದು ಮನೆಯ ಅರೆಬೆಂದ ಮಾಂಸ ಪಕ್ಕದ ಸಸ್ಯಾಹಾರಿ ಮನೆಯವರಿಗೂ ರೋಗ ತರಬಹುದು.

ಥರ್ಮಾಮೀಟರ್ ಸರಿ ಇದೆಯೇ ಎಂದು ಪರೀಕ್ಷಿಸಲು ಕುದಿಯುವ ನೀರಿಗೆ ಅದ್ದಿ ನೋಡುವುದುಂಟು. ಬೆಟ್ಟದವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸುಮಾರು 2240 ಮೀಟರ್ ಎತ್ತರದ ಉದಕಮಂಡಲದಲ್ಲಿ 92, 93ರಲ್ಲೇ ಕುದಿಯುತ್ತದೆ. ಕಲ್ಪೆಟ್ಟದ ಎತ್ತರದಲ್ಲಿ 97ರ ಸುಮಾರು. ಆದ್ದರಿಂದ ಉದಕಮಂಡಲದಲ್ಲಿ ಥರ್ಮಾಮೀಟರ್ 92 ತೋರಿಸಿತೆಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಅದು ಸರಿಯಾಗಿಯೇ ಹೇಳುತ್ತಿದೆ. ಮೇಲಿನ ಊರುಗಳಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ, ಮಾಂಸ ನಿಧಾನ ಬೇಯುವುದಕ್ಕೂ ಇದೇ ಕಾರಣ.

"ಇಷ್ಟು ಚಳಿ ಇದೆ, ಮಾಂಸ ಹೊರಗಿದ್ದರೆ ಏನಾಗುತ್ತದೆ, ಊರೇ ಫ್ರಿಜ್ಜಿನಂತಿದೆ" ಎನ್ನುವವರಿದ್ದಾರೆ. ಇದು ದೊಡ್ಡ ಮೋಸ. ಮಾಂಸ ಕೆಡಿಸುವ ಸೂಕ್ಷ್ಮಜೀವಿಗಳು 4 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಹೆಚ್ಚುತ್ತವೆ. ಬೆಳಿಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಬಿದ್ದಿದ್ದರೂ ನಡುಹಗಲಿನ ಬಿಸಿಲಿಗೆ ನೀಲಗಿರಿಯಲ್ಲಿ 20 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅರೆಬಿಸಿಯ ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಬೆಚ್ಚಗೆ ಕೂತ ಮಾಂಸವಂತೂ ಈ ಜೀವಿಗಳಿಗೆ ಹಬ್ಬದೂಟ. ನಾಲ್ಕು ಗಂಟೆಯೊಳಗೆ ಮಾಂಸದ ನಡುಭಾಗ 60 ಡಿಗ್ರಿ ದಾಟಲೇಬೇಕು.

ಅಷ್ಟರೊಳಗೆ ದಾಟುವಂತೆ ಕಾಣದಿದ್ದರೆ? ಮಳೆ ಬಂತು, ಗಾಳಿ ಎದ್ದಿತು, ಇದ್ದಿಲು ಮುಗಿಯಿತು, ಕತ್ತಲಾಯಿತು. ಆಗ ಏನು ಮಾಡಬೇಕು? ಕೇಳುಗರೇ, ಇದೇ ನಮ್ಮ ಮಾತಿನ ತಿರುವು. ಆಗ ಮಾಂಸವನ್ನು ಮನೆಯೊಳಗೆ ತನ್ನಿ. ಹೊಗೆಯ ಘಮ ಮಾಂಸಕ್ಕೆ ಹೆಚ್ಚಾಗಿ ಹತ್ತುವುದು ಮೊದಲ ಒಂದೆರಡು ಗಂಟೆಯಲ್ಲೇ. ಅದು ಹತ್ತಿ ಆಗಿದೆ. ಉಳಿದದ್ದು ಬೇಯುವ ಕೆಲಸ ಮಾತ್ರ. ಅದನ್ನು ಪ್ರೆಷರ್ ಕುಕ್ಕರಿನಲ್ಲಿ ಹಾಕಿ ಮುಗಿಸಿ. ಕುಕ್ಕರಿನೊಳಗೆ ಒತ್ತಡವಿರುವುದರಿಂದ ಬೆಟ್ಟದ ಮೇಲೂ ಬಿಸಿ 100 ಡಿಗ್ರಿ ದಾಟುತ್ತದೆ. ಇದರಲ್ಲಿ ಸಣ್ಣತನವೇನೂ ಇಲ್ಲ. ನಮ್ಮ ಹಿರಿಯರೂ ಅಟ್ಟದಲ್ಲಿ ಹೊಗೆ ಕೊಟ್ಟು ಮಡಕೆಯಲ್ಲಿ ಬೇಯಿಸಿದವರೇ ಅಲ್ಲವೇ?

ಒಳಗೆ ತರಬಾರದ್ದು ಡ್ರಮ್ಮು, ಕೆಂಡ. ಅಂಗಳದಲ್ಲಿ ನಿಲ್ಲಲಾರದಷ್ಟು ಚಳಿಯಾದಾಗ ಡ್ರಮ್ಮನ್ನೇ ವರಾಂಡಕ್ಕೆ, ಶೆಡ್ಡಿಗೆ ಎಳೆದು ಬಾಗಿಲು ಹಾಕಿಕೊಳ್ಳೋಣ ಎನಿಸುತ್ತದೆ. ಅಡುಗೆ ಮುಗಿದ ಮೇಲೆ ಉಳಿದ ಕೆಂಡವನ್ನು ಹಾಳು ಮಾಡುವುದೇಕೆ, ಅಗ್ಗಿಷ್ಟಿಕೆಗೆ ತುಂಬಿ ಮಕ್ಕಳು ಮಲಗುವ ಕೋಣೆಯಲ್ಲಿ ಇಡೋಣ ಎನಿಸುತ್ತದೆ. ಹೊಗೆ ಇಲ್ಲವಲ್ಲ, ಬರೀ ಕೆಂಪಗಿನ ಕೆಂಡವಲ್ಲ ಎಂದು ಧೈರ್ಯ ತಂದುಕೊಳ್ಳುತ್ತೇವೆ. ಹೊಗೆ ಕಾಣದ ಕೆಂಡವೇ ಹೆಚ್ಚು ಭಯಂಕರ. ಹೊಗೆಯಿದ್ದರೆ ಕಣ್ಣುರಿದು, ಕೆಮ್ಮು ಬಂದು ಎದ್ದು ಹೊರಗಾದರೂ ಓಡುತ್ತೇವೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ತರಿಸುವ ಗುಣವಿಲ್ಲ.

ಮಾಂಸದ ಅಂಚಿನಲ್ಲಿ ಕೆಂಪು ಗೆರೆ ಮೂಡಿಸುವ ಅನಿಲ ಎಂದೆನಲ್ಲ, ಅದೇ ಇದು. ಮಾಂಸದ ಕೆಂಪನ್ನು ಹಿಡಿದಂತೆಯೇ ಅದು ನಮ್ಮ ರಕ್ತದ ಕೆಂಪನ್ನೂ ಹಿಡಿಯುತ್ತದೆ. ನಾವು ಉಸಿರಾಡಿದ ಆಮ್ಲಜನಕವನ್ನು ಮೈಯೆಲ್ಲಕ್ಕೂ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಬೇರೆಯವರು ಹಿಡಿದು ಕೂತರೆ ನಮ್ಮವರು ನಿಲ್ದಾಣದಲ್ಲೇ ಉಳಿದಂತೆ, ಆಮ್ಲಜನಕ ಹೊರಗೇ ಉಳಿಯುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು, ತೂಕಡಿಕೆ. ಮಲಗಿದ್ದವರಿಗೆ ಇವು ಯಾವುವೂ ತಿಳಿಯುವುದಿಲ್ಲ. ನಿದ್ರೆಯಲ್ಲೇ ಪ್ರಾಣ ಹೋಗುತ್ತದೆ. ಕಾಶ್ಮೀರದಿಂದ ಹಿಡಿದು ನಮ್ಮ ದಕ್ಷಿಣದ ಬೆಟ್ಟಗಳವರೆಗೆ, ಚಳಿಗೆ ಕೋಣೆಯಲ್ಲಿ ಕೆಂಡವಿಟ್ಟು ಮಲಗಿ ಏಳದೆ ಹೋದವರ ಸುದ್ದಿ ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ.

"ನಮ್ಮ ಅಜ್ಜ ಅಜ್ಜಿ ಮಂಚದ ಕೆಳಗೇ ಕೆಂಡವಿಟ್ಟು ಮಲಗುತ್ತಿದ್ದರಲ್ಲ" ಎಂದು ಕೇಳುವಿರಿ. ಕೇಳಬೇಕಾದ ಪ್ರಶ್ನೆಯೇ. ಅಜ್ಜಿ ಮಲಗುತ್ತಿದ್ದದ್ದು ಹುಲ್ಲಿನ ಸೂರಿನ, ನಾಡಹೆಂಚಿನ ಮನೆಯಲ್ಲಿ. ಹೆಂಚಿನ ಸಂದು, ಗೋಡೆ ಮಾಡಿನ ನಡುವಿನ ಕಿಂಡಿ, ಹಲಗೆ ಬಾಗಿಲಿನ ಬಿರುಕು, ಎಲ್ಲ ಕಡೆಯಿಂದಲೂ ಗಾಳಿ ಆಡುತ್ತಿತ್ತು. ಆಗಲೂ ಅದು ಪೂರ್ತಿ ಕ್ಷೇಮವೇನಲ್ಲ. ಇವತ್ತು ನಾವು ಮಲಗುವುದು ಸಿಮೆಂಟಿನ ಮಾಡು, ಗಾಜಿನ ಕಿಟಕಿ, ಬಿಗಿಯಾದ ಬಾಗಿಲಿನ ಕೋಣೆಯಲ್ಲಿ. ಮನೆ ಬದಲಾಯಿತು, ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು. ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ ಸಾಕೆಂದು ನಂಬಬೇಡಿ, ಸಾಲದು. ಟೆಂಟಿನೊಳಗೂ, ನಿಲ್ಲಿಸಿದ ಕಾರಿನೊಳಗೂ ಇದೇ ಮಾತು.

ಹೋಂಸ್ಟೇ ನಡೆಸುವ ಅಣ್ಣಂದಿರು, ಅಕ್ಕಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಯಲಿನಿಂದ ಬಂದ ಅತಿಥಿಗಳಿಗೆ ಈ ಚಳಿಯ ಅಭ್ಯಾಸವಿಲ್ಲ. ಅಂಗಳದಲ್ಲಿ ಮಾಂಸ ಸುಟ್ಟು ತಿಂದ ಮೇಲೆ ಆ ಕೆಂಡದ ಒಲೆಯನ್ನೇ ಕೋಣೆಗೆ ಎತ್ತಿಕೊಂಡು ಹೋಗಲು ನೋಡುತ್ತಾರೆ. "ಸಾರ್, ಅದು ಬೇಡ, ಇನ್ನೊಂದು ಕಂಬಳಿ ಕೊಡುತ್ತೇನೆ" ಎನ್ನಿ. ತಮಿಳಿನಲ್ಲಿ ಹೇಳಿ, ಮಲಯಾಳದಲ್ಲಿ ಹೇಳಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಎರಡು ಭಾಷೆ ಬಲ್ಲ ನಮ್ಮ ನಾಲಿಗೆ ಇಂಥ ಹೊತ್ತಿಗೆ ಉಪಯೋಗಕ್ಕೆ ಬರಲಿ.

ಎಲ್ಲಿಯಾದರೂ ಕೆಂಡವಿದ್ದ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದು ಕಂಡರೆ, ಮೊದಲು ಬಾಗಿಲು ಕಿಟಕಿ ಪೂರ್ತಿ ತೆರೆಯಿರಿ. ಅವರನ್ನು ಕೂಡಲೇ ಹೊರಗಿನ ಗಾಳಿಗೆ ತನ್ನಿ. 108ಕ್ಕೆ ಫೋನ್ ಮಾಡಿ, ಆಮ್ಲಜನಕ ಇರುವ ಆಸ್ಪತ್ರೆಗೆ ಸಾಗಿಸಿ, ಕೆಂಡದ ವಿಷಯ ವೈದ್ಯರಿಗೆ ತಪ್ಪದೆ ಹೇಳಿ. ಎಚ್ಚರವಾಗಿ ಕೂತರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಅಡುಗೆ ಮುಗಿದ ಮೇಲಿನ ಕೆಲಸ ಎರಡಿದೆ. ಡ್ರಮ್ಮಿನ ಎಲ್ಲ ಕಿಂಡಿಗಳನ್ನೂ ಈಗ ಮುಚ್ಚಿ, ಗಾಳಿ ಸಿಗದೆ ಕೆಂಡ ಆರಲಿ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೇಲೆ ಬೂದಿ ಕಂಡರೂ ಒಳಗೆ ಮಾರನೆಯ ದಿನದವರೆಗೂ ಬೆಂಕಿ ಇರುತ್ತದೆ. ನೀರು ಹಾಕಿ ಕದಡಿ, ಪೂರ್ತಿ ತಣ್ಣಗಾದ ಮೇಲೆ ಎಸೆಯಿರಿ. ಜನವರಿಯಿಂದ ಮುಂದೆ ಹಿಮ ಬಿದ್ದು ಹುಲ್ಲು ಒಣಗಿ ನಿಂತಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರಿಯಿತೆಂದು ಕಂಡಿದ್ದೇವೆ. ಎರಡನೆಯದು, ಮಾಂಸದ ಎಲುಬು, ಜಿಡ್ಡು, ತೊಳೆದ ನೀರು ಹಿತ್ತಿಲಿನಲ್ಲಿ ಬಿಡಬೇಡಿ. ನಾಯಿಯ ಹಿಂದೆ ಚಿರತೆ ಬರುತ್ತದೆ, ವಾಸನೆಯ ಹಿಂದೆ ಕರಡಿ ಬರುತ್ತದೆ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಇಲ್ಲಿ ಹೇಳಿದ್ದೆಲ್ಲ ಸಾಕಿದ ಪ್ರಾಣಿಯ ಮಾಂಸಕ್ಕೆ. ಕಾಡಿನ ಪ್ರಾಣಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾವಲಿದೆ.

ಬೆಂದ ಮಾಂಸ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಕೊರಬಾಡು ಮಾಡುವವರು ಸೀಳುಗಳನ್ನು ಮೊದಲು ಉಪ್ಪುನೀರಿನಲ್ಲಿ ಚೆನ್ನಾಗಿ ಕುದಿಸಿ ಆಮೇಲೆ ಒಣಗಿಸಿದರೆ ಇನ್ನೂ ಕ್ಷೇಮ. ತಿನ್ನುವ ಮುಂಚೆ ತಿರುಗಿ ಬೇಯಿಸುವುದಂತೂ ಇರಲೇಬೇಕು. ಉಪ್ಪು ಹಾಕಿ, ಹೊಗೆ ಕೊಟ್ಟು ಕಾಪಿಟ್ಟ ಮಾಂಸವನ್ನು ದಿನವೂ ತಿಂದರೆ ಕರುಳಿನ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ. ಹಬ್ಬಕ್ಕೆ, ನೆಂಟರು ಬಂದಾಗ, ರುಚಿಗೆ ಎಂಬಷ್ಟಿರಲಿ.

ಹೇಳಿದ್ದನ್ನು ಗಂಟು ಕಟ್ಟಿಕೊಡುತ್ತೇನೆ. ಗಾಳಿಗೆ ಮರೆ, ಒಣಗಿದ ಸೌದೆ, ಮೊದಲೇ ಕಾದ ಡ್ರಮ್ಮು, ಮುಚ್ಚಿದ ಮುಚ್ಚಳ, ಮಾಂಸದ ನಡುವಿಗೆ ಚುಚ್ಚಿದ ಥರ್ಮಾಮೀಟರ್. ಬೇಯದಿದ್ದರೆ ಕುಕ್ಕರ್ ಇದ್ದೇ ಇದೆ. ತಿನ್ನುವ ಕರಿ ಒಳಗೆ ಬರಲಿ, ಉರಿಯುವ ಕರಿ ಹೊರಗೇ ಇರಲಿ. ಇವತ್ತು ರಾತ್ರಿ ಮಲಗುವ ಮುಂಚೆ ನಿಮ್ಮ ಮನೆಯ ಮಲಗುವ ಕೋಣೆಯನ್ನು ಒಮ್ಮೆ ನೋಡಿ. ಅಲ್ಲಿ ಅಗ್ಗಿಷ್ಟಿಕೆ ಇದ್ದರೆ ಎತ್ತಿ ಅಂಗಳಕ್ಕೆ ಇಡಿ, ಕಂಬಳಿ ಇನ್ನೊಂದು ಹೊದೆಯಿರಿ. ಪಕ್ಕದ ಮನೆಯವರು ಈ ಮಾತು ಕೇಳಿರದಿದ್ದರೆ ಅವರಿಗೂ ತಿಳಿಸಿ.